ಹತ್ತೊಂಬತ್ತು ಸೆಕೆಂಡು

ಕರೆಂಟು ಹೋದ ಮ್ಯಾಲೂ ಆ ಹುಡುಗಿ ಮಾತಾಡ್ತಾ ಇದ್ಲು. ಕಂಪ್ಯೂಟರ್ ಆರಿ ಕರ್ರಗಾಗಿತ್ತು, ಸ್ಪೀಕರಿನ ಹಸಿರು ದೀಪ ಹೋಗಿತ್ತು, ಫ್ಯಾನು ನಿಂತು ಅಂಗಡಿ ಧಗಧಗ ಅಂತಿತ್ತು. ನಟ್ಟ ನಡು ಮಧ್ಯಾಹ್ನ. ಎದುರಿಗೆ ಕೂಡ್ಲಿಗಿ ಬಸ್ಸು ಹಾರ್ನ್ ಹೊಡೀತಿದ್ರೂ ಈಕಿ ನನ್ನ ಕಿವಿಯಾಗ ಕುಂತು "ಅವ್ವಾ, ಕೇಳಸ್ತೈತೇನು?" ಅಂತಾಳ. ಯಾ ಅಲ್ಲಾ! ನಾನು ಆಕಿ ಅವ್ವ ಅಲ್ಲ. ಆಕಿ ಜೀವಂತ ಇದ್ದಾಗ ಒಂದಿನಾನೂ ಮುಖ ನೋಡಿದಾಕಿ ಅಲ್ಲ. ಮೂರು ವರ್ಷ ಆಗಾಕ ಬಂತು, ನನ್ನನ್ನ ಹಿಂಗ ಕೇಳ್ತಾ ಅದಾಳ.

ನನ್ನ ಹೆಸರು ಗೌಸಿಯಾ. ಕೊಟ್ಟೂರು ಬಸ್ ಸ್ಟ್ಯಾಂಡ್ ಎದುರಿಗೆ ನಮ್ಮ ಅಬ್ಬಾ ಯೂಸುಫ್ ಸಾಬ್‌ರದು ವಾಚ್ ರಿಪೇರಿ ಅಂಗಡಿ. ಮೊಬೈಲು ಬಂದ ಮ್ಯಾಲ ಮಂದಿ ವಾಚ್ ಕಟ್ಟೂದು ಬಿಟ್ರು. ಅಬ್ಬಾ ಮೂಲ್ಯಾಗ ಕುಂತು ಹಳೇ ಗಡಿಯಾರಕ್ಕ ಕೀಲಿ ಕೊಡ್ತಾ ಉಳದ್ರು, ನಾನು ಅವರ ಭೂತಗನ್ನಡಿ, ಚಿಮುಟ, ಸೂಜಿ ತಗೊಂಡು ಫೋನು ಬಿಚ್ಚಾಕ ಕಲ್ತೆ. ಸತ್ತ ಫೋನಿಗೆ ಜೀವ ಹಾಕ್ತೀನಿ. ಅಳಿಸಿದ ಫೋಟೋ, ಅಳಿಸಿದ ಮಾತು ಹೊರಗ ತೆಗೀತೀನಿ. ಅಳಿಸೂದು ಅಂದ್ರ ಏನು ಮಹಾ, ಬಾಗಿಲ ಮ್ಯಾಲಿನ ಹೆಸರಿನ ಹಲಗಿ ಕಿತ್ತಂಗ ಅಷ್ಟ. ಒಳಗಿನೋರು ಒಳಗ ಇರ್ತಾರ. ಈ ಸುತ್ತಿನ ಹಳ್ಳಿಯೋರು, ಹಡಗಲಿ, ಹರಪನಹಳ್ಳಿ ಮಂದಿ ಸೈತ ಕೆಟ್ಟ ಫೋನು ಹಿಡಕಂಡು ನನ್ನ ಹತ್ರಾನ ಬರ್ತಿದ್ರು. ಜಂಬ ಅಂದ್ರ ಅನ್ರಿ.

ಎರಡು ಸಾವಿರದ ಆರರಾಗ ಪೇಪರಿನಾಗ ಒಂದು ಪ್ರಕಟಣಿ ಬಂತು. ಪೊಲೀಸ್ರ ಕೈಗೆ ಸಿಕ್ಕ ಫೋನು, ಕಂಪ್ಯೂಟರಿನಿಂದ ಸಾಕ್ಷಿ ತೆಗಿಯಾಕ ಹೊಸಾ ಘಟಕ ಮಾಡ್ತಾರಂತ, ತಂತ್ರಜ್ಞರು ಬೇಕಂತ. ಇದು ನನ್ನ ಕೆಲಸ ಅಂತ ಆವತ್ತ ಅನಿಸಿಬಿಟ್ಟಿತ್ತು. ಕೆಳಗ ಅರ್ಹತಾ ಅಂತ ಓದಿದೆ ನೋಡ್ರಿ. ಎತ್ತರ ನೂರಾ ಐವತ್ತೇಳು ಸೆಂಟಿಮೀಟರಿಗೆ ಕಡಿಮಿ ಇರಬಾರದು. ತೂಕ ಇಷ್ಟು. ಗಂಡಸರಿಗೆ ಎದಿ ಸುತ್ತಳತಿ ಇಷ್ಟು, ಉಸಿರು ಎಳದಾಗ ಐದು ಸೆಂಟಿಮೀಟರ್ ಹಿಗ್ಗಬೇಕು. ಓಟ. ಉದ್ದ ಜಿಗಿತ. ಗುಂಡು ಎಸೆತ. ಫೋನು ಬಿಚ್ಚಾಕ ಬರ್ತೈತೇನು ಅಂತ ಎಲ್ಲ್ಯಾದ್ರೂ ಒಂದ ಸಾಲು? ಇಲ್ಲ. ಎತ್ತು ಕರ ಹಾಕೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದೋರು ಇವರ ಇರಬೇಕು.

ನಾನು ನಾಲ್ಕಡಿ ಒಂಬತ್ತಿಂಚು. ಆದ್ರೂ ಹೋದೆ. ಹೊಸಪೇಟಿ ಮೈದಾನದಾಗ ಎತ್ತರ ಅಳತಿ ಮಾಡಾವ ಕಟ್ಟಿಗಿ ನನ್ನ ತಲಿ ಮ್ಯಾಲ ಇಳಿಸಿ, ಪೂರಾ ಇಳಿಸೂದ್ರಾಗ "ಮುಂದಿನೋರು" ಅಂದ. ನನಗ ಸಿಟ್ಟು ನೆತ್ತಿಗೇರ್ತು.

"ಸಾಹೇಬ್ರ, ಫೋನಿನೊಳಗ ಇಳಿಯಾಕ ಎತ್ತರ ಬೇಕೇನ್ರಿ? ನೀವು ಆರಡಿ ಅದೀರಿ, ಇಳೀರಿ ನೋಡಾಮ!"

"ನಿಯಮ ತಂಗಿ, ನಾನೇನು ಮಾಡ್ಲಿ" ಅಂದ. ಹಿಂದ ನಿಂತೋರು ನಕ್ಕರು. ಬಸ್ಸಿನಾಗ ಕೊಟ್ಟೂರಿನ ತನಕ ಅಳಕೋತ ಬಂದೆ.

ಒಂದೂವರಿ ತಿಂಗಳಿಗೆ ಒಬ್ಬ ಇನ್ಸ್‌ಪೆಕ್ಟರ್ ನಮ್ಮ ಅಂಗಡಿ ಮೆಟ್ಟಲ ಹತ್ತಿದ್ರು. ಓಬಳೇಶಪ್ಪ ಅಂತ, ಆ ಹೊಸಾ ಘಟಕದ ಹಿರಿಯರು. ಹಿಂದ ಬಿದಿರಿನ ಗಳದಂಗಿದ್ದ ಒಬ್ಬ ಹುಡುಗ.

"ಇವ ಮಾರೇಶ, ಕೂಡ್ಲಿಗಿ ಕಡ್ಯಾವ. ಎಂಟುನೂರು ಮೀಟರ್ ಎರಡು ನಿಮಿಷ ಆರು ಸೆಕೆಂಡಿನಾಗ ಓಡ್ಯಾನ. ಇವನ್ನ ತಗೊಂಡೀವಿ" ಅಂದ್ರು.

"ಚೊಲೋ ಆತು ಬಿಡ್ರಿ. ಫೋನು ಓಡಿ ಹೋದ್ರ ಹಿಡಕಂಡು ಬರ್ತಾನ" ಅಂದೆ.

ಮಾರೇಶ ನಕ್ಕ. ಓಬಳೇಶಪ್ಪ ನಗಲಿಲ್ಲ. ಘಟಕದಾಗ ಆರು ಮಂದಿ ಅದಾರ, ಆರೂ ಮಂದಿಗೆ ಫೋನು ಬಿಚ್ಚಾಕ ಬರೂದಿಲ್ಲ ಅಂತ ದನಿ ತಗ್ಗಿಸಿ ಹೇಳಿದ್ರು. ನೀ ಬಿಚ್ಚಿ ತೆಗಿ, ಇವ ಸಹಿ ಮಾಡ್ತಾನ. ಮುಂದಿನ ವರ್ಷ ನಿನ್ನ ಎತ್ತರಕ್ಕ ವಿನಾಯಿತಿ ಬರ್ಸಿ ಒಳಗ ತಗೊಳ್ತೀನಿ ಅಂದ್ರು. ನಾನು ಅವತ್ತ ಶಟರ್ ಎಳೀಬೇಕಿತ್ತು. ಎಳೀಲಿಲ್ಲ. ಆ ಕೆಲಸದ ಮ್ಯಾಲ ನನಗ ಅಷ್ಟು ಆಸಿ ಇತ್ತು.

ಘಟಕದಾಗ ಫೋನು ಇಡಾಕ ಒಂದು ಪೆಟ್ಟಿಗಿ ಸೈತ ಇರಲಿಲ್ಲ. ಮಾರೇಶ ಊಟದ ಕ್ಯಾರಿಯರಿನಾಗ, ಮ್ಯಾಲಿನ ಡಬ್ಬಿಯಾಗ ರೊಟ್ಟಿ, ಕೆಳಗಿನ ಡಬ್ಬಿಯಾಗ ಸಾಕ್ಷಿ ಇಟ್ಟುಕೊಂಡು ಬಸ್ಸಿಗೆ ಬರ್ತಿದ್ದ. ಭಾಳ ಮರ್ಯಾದಸ್ಥ ಹುಡುಗ. ಫೋನಿನಾಗ ಹೆಣಮಕ್ಳ ಫೋಟೋ ಬಂದ್ರ ಗೋಡಿ ಕಡಿ ತಿರುಗಿ ನಿಲ್ತಿದ್ದ. "ಲೇ ಓಟಗಾರ, ಗೋಡಿ ಸಹಿ ಮಾಡ್ತೈತೇನಲೇ?" ಅಂತ ಕಾಡ್ತಿದ್ದೆ. ಆತ ಕಲೀಬೇಕು ಅಂತ ಪಾಪ ಭಾಳ ಒದ್ದಾಡ್ದ. ಸ್ಕ್ರೂಡ್ರೈವರ್ ಹಿಡಿದ್ರ ಸ್ಕ್ರೂವಿನ ತಲಿ ಸವಿಸಿಬಿಡ್ತಿದ್ದ.

ಎರಡು ಸಾವಿರದ ಏಳು, ಸಂಕ್ರಾಂತಿ ಆದ ಮ್ಯಾಲ, ಕೊಟ್ರಮ್ಮನ ಫೋನು ತಂದ.

ಕೊಟ್ರಮ್ಮ ಇಪ್ಪತ್ತೆರಡು ವರ್ಷದ ಹುಡುಗಿ. ಕೂಡ್ಲಿಗಿ ಹತ್ರ ಒಂದು ಶೇಂಗಾ ಮಿಲ್ಲಿನಾಗ ಕಾಳು ಆರಿಸಾಕ ಹೋಗ್ತಿದ್ಲು. ಮಿಲ್ಲಿನ ಹಿಂದಿನ ಬಾವ್ಯಾಗ ಆಕಿ ಹೆಣ ತೇಲಿತ್ತು. ಕಾಲು ಜಾರ್ಯಾಳ ಅಂದ್ರು ಮಿಲ್ಲಿನೋರು. ಅಲ್ಲ, ಮಿಲ್ಲಿನ ಸಾಹುಕಾರನ ಅಳಿಯ ನನ್ನ ಮಗಳ ಹಿಂದ ಬಿದ್ದಿದ್ದ ಅಂದ್ಲು ಆಕಿ ಅವ್ವ ಎರ್ರೆಮ್ಮ. ಆ ಅಳಿಯ ಅವತ್ತು ನಾನು ದಾವಣಗೇರಿಯಾಗ ಇದ್ದೆ, ಮಿಲ್ಲಿಗೆ ಕಾಲ ಇಟ್ಟಿಲ್ಲ ಅಂದ. ಬಾವಿ ನೀರು ಹೊಡಿಸಿದಾಗ ಕೆಸರಿನಾಗ ಈ ಫೋನು ಸಿಕ್ಕಿತ್ತು. ಅಳಿಯನ ಹೆಸರು ನಾನು ಈಗಲೂ ಹೇಳೂದಿಲ್ಲ. ಅಂಜಿಕಿ ಐತಿ, ಸುಳ್ಳು ಯಾಕ ಹೇಳ್ಲಿ.

ಬಿಚ್ಚಿದೆ. ಸ್ಪಿರಿಟ್ ಹಚ್ಚಿ ಹಲ್ಲುಜ್ಜೂ ಬ್ರಶ್‌ಲೆ ಕೆಸರು ತೆಗ್ದೆ. ಮೂರನೇ ದಿನ ಫೋನಿನ ದೀಪ ಹತ್ತಿತು. ಕುಣಿದಾಡಿಬಿಟ್ಟೆ ನಾನು! ಅಳಿಸಿದ ಒಂದು ಧ್ವನಿ ಒಳಗಿತ್ತು, ನಲವತ್ತೊಂದು ಸೆಕೆಂಡಿಂದು. ತೆಗ್ದು ಕಂಪ್ಯೂಟರಿಗೆ ಹಾಕಿ, ಮಾರೇಶನ್ನ ಕರದು, ಹಚ್ಚಿದೆ.

"ಅವ್ವಾ, ಕೇಳಸ್ತೈತೇನು? ಫೋನಿನಾಗ ಮಾತು ಕೂಡಿಡಬೋದು ಅಂದ್ರ ನೀ ನಂಬಲಿಲ್ಲ. ಈಗ ನೋಡು, ಇಟ್ಟೀನಿ. ಸಂಜಿಕ ಮನಿಗೆ ಬಂದು ಕೇಳಸ್ತೀನಿ, ಹೆದರ್ಕಂಡು ಒಲಿ ಮುಂದಿಂದ ಏಳಬ್ಯಾಡ ಮತ್ತ." ಆಮ್ಯಾಲ ನಗು. ಚಿಕ್ಕ ಹುಡುಗ್ಯಾರು ಮೂಗಿನಾಗ ನಗ್ತಾರಲ್ಲ, ಹಂಗ. ಇಲ್ಲಿಗೆ ಹತ್ತೊಂಬತ್ತು ಸೆಕೆಂಡು.

ಇಪ್ಪತ್ತನೇದಕ್ಕ ತಗಡಿನ ಬಾಗಿಲು ಸರಿದ ಸಪ್ಪಳ. ಗಂಡಸಿನ ದನಿ. "ಯಾರಿಗಲೇ ಫೋನು? ಎಲ್ಲಾರೂ ಹೋದ್ರೇನು?"

"ಯಾರಿಗಿಲ್ರಿ. ನಾನೂ ಹೊಂಟೆ."

"ಎಲ್ಲಿಗೆ ಹೋಗ್ತಿ, ಬಾಗಿಲ ಹಾಕೀನಿ."

ಆಕಿ ಅವನ ಹೆಸರು ಹಿಡದು, "ಅಣ್ಣಾರ, ಬ್ಯಾಡ್ರಿ, ಬಿಡ್ರಿ ಅಣ್ಣಾರ" ಅಂದ್ಲು. ಫೋನು ನೆಲಕ್ಕ ಬಿದ್ದ ಸಪ್ಪಳ. ಆಮ್ಯಾಲಿಂದು ನಾನು ಹೇಳಲಾರೆ.

ಮಾರೇಶ ಹೊರಗ ಹೋಗಿ ಮೋರಿ ಹತ್ರ ಕುಕ್ಕುರಗಾಲಿಲೆ ಕುಂತ. ನಾನು ಕುರ್ಚಿಯಿಂದ ಏಳಲಿಲ್ಲ. ಧ್ವನಿ ಅಳಿಸಿ, ಫೋನು ಬಾವಿಗೆ ಒಗದು, ದಾವಣಗೇರಿಯಾಗ ಇದ್ದೆ ಅಂದಾವ ಇಲ್ಲಿ ಬಾಗಿಲ ಹಾಕ್ಯಾನ. ಇದೊಂದು ಮಾತು ಕೋರ್ಟಿನಾಗ ಕೇಳಿಸಿದ್ರ ಅವನ ಕಥಿ ಮುಗೀತು, ಕೇಳಿಸಲಿಲ್ಲ ಅಂದ್ರ ಕೊಟ್ರಮ್ಮ ಕಾಲು ಜಾರಿ ಬಿದ್ದಾಕಿ ಅಂತ ಉಳೀತಾಳ. ಅಷ್ಟ ಇತ್ತು ವಿಚಾರ, ಅದರಾಗ ಏನೂ ಗೊಂದಲ ಇರಲಿಲ್ಲ.

ವರದಿ ನಾನು ಹೇಳಿದೆ, ಮಾರೇಶ ಬರದ. "ನಾನೇ ಬಿಚ್ಚಿ, ನಾನೇ ತೆಗೆದೆ" ಅಂತ ಕೆಳಗ ಸಹಿ. ಸಹಿ ಕೆಳಗ ತಂದಿ ಹುಲುಗಣ್ಣ, ಊರು, ಓಣಿ, ಮನಿ ನಂಬರು, ಎಲ್ಲಾ. ಅದರ ಒಂದು ನಕಲು ಆರೋಪಿ ಕೈಗೂ ಹೋಗ್ತೈತಿ, ಹಂಗ ಕಾನೂನು. ನನ್ನ ಹೆಸರು ಎಲ್ಲೂ ಇರಲಿಲ್ಲ. ಹುಚ್ಚಿ ನಾನು, ಅದಕ್ಕ ಹೊಟ್ಟಿ ಉರಕೊಂಡೆ.

ಮತ್ತ ಫೋನು ಮುಚ್ಚೂವಾಗ ನನ್ನ ಕೈ ತನ್ನ ಪಾಡಿಗೆ ತಾನು ಒಂದು ಕೆಲಸ ಮಾಡ್ತು. ವಾಚಿನೋರ ರೂಢಿ ಅದು. ವಾಚ್ ಬಿಚ್ಚಿದ್ರ, ಮುಚ್ಚೂಕಿಂತ ಮುಂಚೆ ಹಿಂದಿನ ಮುಚ್ಚಳದ ಒಳಗ ಸೂಜಿಲೆ ತನ್ನ ಗುರ್ತು, ಊರು, ತಾರೀಖು ಗೀರಬೇಕು. ಹತ್ತು ವರ್ಷದ ಮ್ಯಾಲ ಇನ್ನೊಬ್ಬ ಬಿಚ್ಚಿದ್ರೂ ಯಾರು ಮುಟ್ಟಿದ್ರು ಅಂತ ಗೊತ್ತಾಗಬೇಕು. "ಬಿಚ್ಚಿ ಹೆಸರು ಇಡದ ಮುಚ್ಚಾವ ಕಳ್ಳ" ಅಂತ ಅಬ್ಬಾ ನನಗ ಒಂಬತ್ತು ವರ್ಷ ಇದ್ದಾಗಿಂದ ಹೇಳ್ಯಾರ. ಫೋನಿನ ಒಳಗಿನ ತಗಡಿನ ಮ್ಯಾಲ ಸಣ್ಣಗ ಗೀರಿದೆ: ಗೌ. ಕೊ. 9-2-07. ಗೀರಿದ್ದು ನನ್ನ ಅರಿವಿಗೂ ಬರಲಿಲ್ಲ.

ಆಮ್ಯಾಲ ಅಳಿಯ ಜಾಮೀನಿನ ಮ್ಯಾಲ ಹೊರಗ ಬಂದ. ಮಾರೇಶನ ಮನಿ ಮುಂದ ಯಾರೋ ಇಬ್ಬರು ದಿನಾ ಸಂಜಿಕ ಬಂದು ಸುಮ್ಮನ ನಿಲ್ಲಾಕ ಹತ್ತಿದ್ರು. ಹುಲುಗಣ್ಣ ಮುದುಕ "ಯಾರ್ರಿ, ಏನು ಬೇಕ್ರಿ" ಅಂದ್ರ, "ಏನಿಲ್ಲ ಯಜಮಾನ, ನಿನ್ನ ಮಗ ಚೊಲೋ ಓಡ್ತಾನಂತ, ನೋಡಾಕ ಬಂದೀವಿ" ಅಂದ್ರಂತ.

ಒಂದಿನ ನಮ್ಮ ಅಂಗಡಿ ಮುಂದ ಜೀಪು ನಿಂತಿತು. ಬಿಳಿ ಅಂಗಿ, ಘಮಘಮ ಅತ್ತರು, ಬಂದು ಕಟ್ಟಿ ಮ್ಯಾಲ ಮೊಣಕೈ ಊರಿದ. ದನಿ ಕೇಳಿದ್ದ ತಡ ಇವ ಅದ ಅಳಿಯ ಅಂತ ನನಗ ಗೊತ್ತಾತು. ಮಾರೇಶ ವಾರಾ ವಾರಾ ಕ್ಯಾರಿಯರ್ ಹಿಡಕಂಡು ನಮ್ಮ ಅಂಗಡಿಗೆ ಬರೂದನ್ನ ಇಡೀ ಬಸ್ ಸ್ಟ್ಯಾಂಡ್ ನೋಡೈತಿ, ಇವನಿಗೆ ಯಾರೋ ಹೇಳ್ಯಾರ.

"ಅಕ್ಕಾರ, ಬಾವ್ಯಾಗ ಬಿದ್ದ ಫೋನು ಬದುಕ್ತೈತೇನ್ರಿ?"

"ಬದುಕೂದಿಲ್ರಿ" ಅಂದೆ.

"ಬಾವ್ಯಾಗ ಬಿದ್ದ ಮನುಷ್ಯರೂ ಬದುಕೂದಿಲ್ಲ ಅಲ್ರಿ?" ಅಂತ ನಕ್ಕು, ಅಬ್ಬಾಗ ಸಲಾಂ ಹೇಳಿ ಹೋದ. ಏನೂ ತಿಳೀದ ಅಬ್ಬಾ ಒಳ್ಳೇ ಮನುಷ್ಯಾ ಅಂದ್ರು.

ಮರುದಿನ ಓಬಳೇಶಪ್ಪನ ಮುಂದ ಹೋಗಿ ನಿಂತೆ. ಒಬ್ಬ ಕಾನ್‌ಸ್ಟೇಬಲ್‌ನ ನಮ್ಮ ಕಡಿ ಕಳಸ್ರಿ, ಮಾರೇಶನ ಮನಿ ಕಡಿ ಒಬ್ಬನ್ನ ಕಳಸ್ರಿ ಅಂದೆ.

"ಮಾರೇಶ ಗಟ್ಟಿ ಹುಡುಗ, ಅದಕ್ಕ ತಾನ ದೇಹದಾರ್ಢ್ಯ ನೋಡಿ ತಗೊಂಡಿರೂದು" ಅಂದ್ರು. "ಇನ್ನ ನಿನ್ನ ವಿಚಾರ, ನೀನು ದಾಖಲಿನಾಗ ಇಲ್ಲಮ್ಮಾ. ಇಲ್ಲದಾಕಿಗೆ ಕಾವಲು ಅಂತ ಹೆಂಗ ಬರೀಲಿ?"

"ಇಷ್ಟು ದಿನ ನಿಮ್ಮ ಫೋನು ಬಿಚ್ಚಿದ್ದು ಯಾರು ಹಂಗಾದ್ರ, ದೆವ್ವಾನ?" ಅಂತ ಚೀರಿದೆ. ಅವರು ಎದ್ದು, ಹೊರಗಿನೋರಿಗೆ ಕೇಳಬಾರದಂತ ಬಾಗಿಲ ಮುಚ್ಚಿದ್ರು.

ವಿಚಾರಣಿ ಎರಡು ಸಾವಿರದ ಎಂಟರ ಕೊನಿಗೆ ಬಂತು. ಆ ಮಾತನ್ನ ಜಡ್ಜ್ ಕೇಳೂದನ್ನ ಕಣ್ಣಾರೆ ನೋಡಬೇಕು ಅಂತ, ಮಾರೇಶಗ, ಓಬಳೇಶಪ್ಪಗ ಅಷ್ಟ ಹೇಳಿ, ಬುರ್ಖಾ ಹಾಕ್ಕಂಡು ಹೋಗಿ ಹಿಂದಿನ ಬೆಂಚಿನಾಗ ಕುಂತೆ. ಮುಂದಿನ ಬೆಂಚಿನಾಗ ಎರ್ರೆಮ್ಮ. ಅವತ್ತ ಮೊದಲು ಆಕಿನ್ನ ನೋಡಿದ್ದು. ಮಗಳ ದನಿ ಕೇಳಸ್ತಾರ ಅಂತ ಆಕಿಗೆ ಯಾರೋ ಹೇಳಿದ್ರು, ಮದುವಿಗೆ ಹೋಗಾಕಿನಂಗ ತಲಿ ಬಾಚಿ ಹೂ ಮುಡಕೊಂಡು ಬಂದಿದ್ಲು.

ಧ್ವನಿ ಹಚ್ಚೂಕ ಮುಂಚೆ ಆರೋಪಿ ವಕೀಲ ಎದ್ದ. ಫೋನು ಬಿಚ್ಚಿಸಿ, ಭೂತಗನ್ನಡಿ ಹಿಡದು, ಮಾರೇಶನ್ನ ಕೇಳ್ದ.

"ಇದನ್ನ ಬಿಚ್ಚಿದ್ದು ನೀವು?"

"ಹೌದ್ರಿ."

"ನೀವೊಬ್ಬರೇ?"

"ಹೌದ್ರಿ."

"ಹಂಗಾದ್ರ ಒಳಗ ಗೌ. ಕೊ. ಅಂತ ಐತಲ್ಲ, ತಾರೀಖು ನಿಮ್ಮ ವರದಿ ತಾರೀಖು. ಗೌ ಅಂದ್ರ ಯಾರು?"

ಮುಂದ ಕುಂತಿದ್ದ ಓಬಳೇಶಪ್ಪ ಹಿಂದ ತಿರುಗಿ ನನ್ನ ಕಡಿ ನೋಡಿ, ಕಣ್ಣಾಗ ಬ್ಯಾಡ ಅಂದ್ರು. ಮಾರೇಶ ನನ್ನ ಕಡಿ ತಿರುಗಲಿಲ್ಲ. ಬೇಕಂತ ತಿರುಗಲಿಲ್ಲ, ನನಗ ಗೊತ್ತೈತಿ.

"ಗೊತ್ತಿಲ್ರಿ" ಅಂದ.

"ಧ್ವನಿ ಹೆಂಗ ತೆಗೆದ್ರಿ? ಯಾವ ತಂತ್ರಾಂಶ? ಹಂತ ಹಂತವಾಗಿ ಹೇಳ್ರಿ."

ಎರಡು ಹಂತ ಸರಿ ಹೇಳ್ದ. ಮೂರನೇದಕ್ಕ ತಡವರಿಸಿದ. ಬೆವತ.

"ನಿಮ್ಮ ವಿದ್ಯಾರ್ಹತೆ?"

"ಬಿ.ಎ. ರಿ."

"ಈ ಕೆಲಸಕ್ಕ ನಿಮ್ಮನ್ನ ಯಾವ ಪರೀಕ್ಷಿ ಮಾಡಿ ತಗೊಂಡ್ರು?"

ಸುಳ್ಳು ಹೇಳಿ ಹೇಳಿ ಸಾಕಾಗಿತ್ತೇನೋ ಪಾಪ. "ಎಂಟುನೂರು ಮೀಟರ್ ಓಟ ರಿ" ಅಂದ.

ಕೋರ್ಟಿನಾಗ ಎಲ್ಲಾರೂ ನಕ್ಕರು. ಎರ್ರೆಮ್ಮ ಯಾಕ ನಗ್ತಾರ ಅಂತ ತಿಳೀದ ಆ ಕಡಿ ಈ ಕಡಿ ನೋಡಿದ್ಲು. ನಾನು ಏಳಬೇಕಿತ್ತು. ಗೌ ಅಂದ್ರ ನಾನ ರೀ, ಗೌಸಿಯಾ, ಕೊಟ್ಟೂರು, ಬಿಚ್ಚಿದಾಕಿ ನಾನು, ಏನು ಬೇಕು ಕೇಳ್ರಿ ಅನ್ನಬೇಕಿತ್ತು. ಅರ್ಧ ಎದ್ದೆ, ಖರೇ ಹೇಳ್ತೀನಿ. ಅಷ್ಟೊತ್ತಿಗೆ ಕಟಕಟಿಯಾಗಿನ ಅಳಿಯ ಹೆಣಮಕ್ಳ ಬೆಂಚಿನ ಕಡಿ ನಿಧಾನಕ ತಿರುಗಿ ಒಬ್ಬೊಬ್ಬರನ್ನ ನೋಡಾಕ ಹತ್ತಿದ. ನನಗ ಬಾವಿ ನೆನಪಾತು, ಮೂಲ್ಯಾಗ ಕುಂತ ಅಬ್ಬಾ ನೆನಪಾದ್ರು. ಕುಂತೆ. ಬುರ್ಖಾ ಸರಿ ಮಾಡಿಕೊಂಡಂಗ ಮಾಡಿ ಕುಂತುಬಿಟ್ಟೆ.

ಬಿಚ್ಚಿದಾರ ಯಾರಂತ ಗೊತ್ತಿಲ್ಲದ ಸಾಕ್ಷಿ ಸಾಕ್ಷಿ ಅಲ್ಲ ಅಂದ್ರು ಜಡ್ಜ್. ಧ್ವನಿ ಹಚ್ಚಲಿಲ್ಲ. ಎರಡು ತಿಂಗಳಿಗೆ ಅಳಿಯ ಬಿಡುಗಡಿ ಆದ. ಸುಳ್ಳು ವರದಿ ಬರದಾನ ಅಂತ ಮಾರೇಶನ್ನ ಕೆಲಸದಿಂದ ತೆಗದ್ರು. ಈಗ ಹರಪನಹಳ್ಳಿಯಾಗ ಯಾರದೋ ಲಾರಿ ಹೊಡೀತಾನ. ಒಂದ ಸಲ ಅಂಗಡಿಗೆ ಬಂದಿದ್ದ. ನಾನು ಎದಿ ಎದಿ ಬಡಕೊಂಡು ಅತ್ತೆ. ಯಾಕ ನನ್ನ ಹೆಸರು ಹೇಳಲಿಲ್ಲೋ ಮಾರಾಯಾ, ಹೇಳಿದ್ರ ನಾನು ಎದ್ದು ನಿಲ್ತಿದ್ದೆನಲ್ಲೋ ಅಂದೆ.

"ನೀನ ಏಳ್ತೀಯೇನೋ ಅಂತ ಕಾದೆ ಅಕ್ಕಾ" ಅಂದ. ಚಾ ಕುಡದು ಹೋದ.

ಆವಾಗಿಂದ ಕೊಟ್ರಮ್ಮ ನನ್ನ ಕಿವಿಯಾಗ ಕುಂತಾಳ. ಗಿರಾಕಿ ಫೋನಿಗೆ ಸ್ಪೀಕರ್ ಹಾಕಿ "ಹಲೋ" ಅಂತ ನೋಡಿದ್ರ, ಆ ಕಡಿಯಿಂದ "ಅವ್ವಾ" ಅಂತಾಳ. ಅಮ್ಮಿ ತಾಯತ ಕಟ್ಟಿಸಿದ್ಲು. ತಾಯತಕ್ಕ ಏನು ಗೊತ್ತು. ಆ ಧ್ವನಿಯ ಒಂದು ನಕಲು ನನ್ನ ಕಂಪ್ಯೂಟರಿನಾಗ ಉಳದಿತ್ತು, ಅಳಿಸಬೇಕಿತ್ತು, ಅಳಿಸಲಿಲ್ಲ. ಅಳಿಸಿದ್ರ ಹೋಗೂದಿಲ್ಲ ಅಂತ ನನಗಿಂತ ಚೊಲೋ ಯಾರಿಗೆ ಗೊತ್ತು.

ಈ ವರ್ಷ ಮಳಿಗಾಲ ಸುರು ಆಗೂವಾಗ ಎರ್ರೆಮ್ಮ ನಮ್ಮ ಅಂಗಡಿಗೆ ಬಂದ್ಲು. ಕೋರ್ಟಿನೋರು ಫೋನು ವಾಪಸ್ ಕೊಟ್ಟಿದ್ರು. ಸೆರಗಿನ ಗಂಟಿನಾಗಿಂದ ಬಿಚ್ಚಿ ಕಟ್ಟಿ ಮ್ಯಾಲ ಇಟ್ಲು.

"ಸತ್ತ ಫೋನಿಗೆ ಜೀವ ಹಾಕಾಕಿ ನೀನಂತಲ್ಲವ್ವ. ಇದರಾಗ ನನ್ನ ಮಗಳ ಮಾತು ಐತಂತ. ಕೋರ್ಟಿನಾಗ ಕೇಳಸ್ತೀವಿ ಅಂದ್ರು, ಕೇಳಸಲಿಲ್ಲ. ಸಾಯೂದ್ರಾಗ ಒಮ್ಮೆ ಕೇಳ್ಬೇಕು."

ನಾನು ಯಾರಂತ ಆಕಿಗೆ ಗೊತ್ತಿರಲಿಲ್ಲ. ಫೋನು ತುಕ್ಕು ಹಿಡದು ಪೂರಾ ಸತ್ತಿತ್ತು. ಆಗೂದಿಲ್ಲಬೇ ಅಂದ್ರ ಮುಗೀತಿತ್ತು, ನಂಬಿಕೊಂಡು ಹೋಗ್ತಿದ್ಲು. ಹಂಗ ಅನ್ನಾಕ ಹೋದೆ, ಆಗಲಿಲ್ಲ. ಸ್ಟೂಲ್ ಕೊಟ್ಟು ಕುಂದ್ರಿಸಿ, ಕಂಪ್ಯೂಟರ್ ಹಚ್ಚಿದೆ.

"ಅವ್ವಾ, ಕೇಳಸ್ತೈತೇನು?"

"ಕೇಳಸ್ತೈತವ್ವ! ಕೇಳಸ್ತೈತಿ ನನ ಕೂಸ!" ಅಂತ ಎರ್ರೆಮ್ಮ ಸ್ಪೀಕರನ್ನ ಎರಡೂ ಕೈಲೆ ಹಿಡಕೊಂಡ್ಲು. ಮಗಳು ನಕ್ಕಾಗ ಆಕೀನೂ ನಕ್ಲು. ನಿಲ್ಲಸ್ತೀನಿ ಅಂತ ಕೈ ಚಾಚಿದೆ, ನನ್ನ ಕೈ ಸರಿಸಿದ್ಲು. ನಲವತ್ತೊಂದು ಸೆಕೆಂಡೂ ಕೇಳಿದ್ಲು. ಮುಗದ ಮ್ಯಾಲ ಭಾಳ ಹೊತ್ತು ಸ್ಪೀಕರ್ ಬಿಡಲಿಲ್ಲ.

ಆಮ್ಯಾಲ ಸತ್ತ ಫೋನಿನ ಕಡಿ ನೋಡಿದ್ಲು, ಕಂಪ್ಯೂಟರಿನ ಕಡಿ ನೋಡಿದ್ಲು. "ಫೋನು ಬಿಚ್ಚಲಿಲ್ಲ ನೀನು. ಇದು ನಿನ್ನ ಹತ್ರ ಮೊದಲ ಇತ್ತು."

"ಹೌದು."

"ತೆಗದಾಕಿ ನೀನು."

"ಹೌದಬೇ. ಅವತ್ತು ಕೋರ್ಟಿಗೂ ಬಂದಿದ್ದೆ. ನಿನ್ನ ಹಿಂದಿನ ಬೆಂಚಿನಾಗ ಇದ್ದೆ. ಅಂಜಿಕಿ ಆತು, ಏಳಲಿಲ್ಲ. ತಪ್ಪಾತು" ಅಂತ ಆಕಿ ಕಾಲು ಹಿಡದೆ. ಎಲ್ಲಾ ಹೇಳಿದೆ. ಬೈತಾಳ, ಮುಖಕ್ಕ ಉಗುಳ್ತಾಳ ಅಂದ್ಕೊಂಡಿದ್ದೆ. ಕಾಲು ಎಳಕೊಂಡು ಎದ್ದು, ಹೋಗಿ ಬಸ್ಸು ಹತ್ತಿದ್ಲು.

ಮುಂದಿನ ವಾರ ಮತ್ತ ಬಂದ್ಲು. ಸ್ಟೂಲ್ ತಾನ ಎಳಕೊಂಡು ಕುಂತು, "ಹಚ್ಚು. ಅವ ಬರೂದ್ರಾಗ ನಿಲ್ಸು" ಅಂದ್ಲು.

ಬೆರಳು ಇಟ್ಟುಕೊಂಡು ಕುಂತು ಹತ್ತೊಂಬತ್ತಕ್ಕ ನಿಲ್ಲಿಸಿದೆ.

"ಯವ್ವಾ, ಇಲ್ಲಿಗೆ ಕತ್ತರಿಸಿ ಕೊಡ್ತೀನಿ. ಒಂದು ಹಳೇ ಫೋನಿಗೆ ಹಾಕ್ತೀನಿ, ಮನ್ಯಾಗ ಇಟ್ಕೊಂಡು ದಿನಾ ಕೇಳು. ಅವನ ದನಿ ಇರಂಗಿಲ್ಲ" ಅಂದೆ.

ಎರ್ರೆಮ್ಮ ನನ್ನ ಮುಖ ನೋಡಿದ್ಲು.

"ಕತ್ತರಿಸಬ್ಯಾಡ. ಅವನ ಮಾತೂ ಇರ್ಲಿ. ಯಾವತ್ತರ ಒಂದಿನ ನಿನಗ ಬಾಯಿ ಬಂತಂದ್ರ ಬೇಕಾಗ್ತೈತಿ."

ಈಗಲೂ ವಾರಕ್ಕೊಮ್ಮೆ ಬರ್ತಾಳ. ನಾನು ಹಚ್ಚಿ, ಬೆರಳು ಇಟ್ಟುಕೊಂಡು, ಹತ್ತೊಂಬತ್ತಕ್ಕ ನಿಲ್ಲಸ್ತೀನಿ. ಆಕಿ ಎದ್ದು ಹೋಗೂವಾಗ ಬಾಗಿಲ ಹತ್ರ ಒಂದು ಗಳಿಗಿ ನಿಂತು, ನಾನು ಏನಾರ ಅಂತೀನೇನೋ ಅಂತ ನೋಡ್ತಾಳ.